ಜೀರ್ಣೋದ್ಧಾರವೂ ಸತ್ಯವೂ

ಜೀರ್ಣೋದ್ಧಾರವೆಂಬ ಮಾತನ್ನು ಕೇಳಿದೊಡನೆ ನಮ್ಮ ಸೀಮೆಯವರ ಕಣ್ಣ ಮುಂದೆ ನಿಲ್ಲುವುದು ದೇವಾಲಯವೊಂದರ ಗರ್ಭಗುಡಿ, ಬಸದಿಯೊಂದರ ಮಾಡು, ಇಲ್ಲವೆ ದೈವಸ್ಥಾನದ ಚಾವಡಿ. ಅದೇ ಮಾತನ್ನು ಹಳೆಯ ಪಿಕಪ್ ವಾಹನವೊಂದರ ಹಿಂಬದಿಯ ಮರದ ಹಲಗೆಗಳ ವಿಷಯದಲ್ಲಿ ಪ್ರಯೋಗಿಸಿದರೆ ವಾಚಕಮಹಾಶಯರಲ್ಲಿ ಕೆಲವರಿಗೆ ನಗು ಬಂದೀತು. ಆದರೂ ಪ್ರಯೋಗಿಸುತ್ತೇನೆ. ದೇವಾಲಯದ ಸಂಗತಿಯಲ್ಲಿ ಭಕ್ತಿ, ಕೀರ್ತಿ, ಊರಿನ ಮರ್ಯಾದೆ ಎಂಬಿವು ಸೇರಿಕೊಂಡು ವಿಚಾರವನ್ನು ಮಸುಕುಗೊಳಿಸುವುದುಂಟು. ಹೊರೆ ಹೊತ್ತು ಸವೆದ ನಾಲ್ಕಾರು ಹಲಗೆಗಳ ಸಂಗತಿಯಲ್ಲಿ ಅಂಥ ತೆರೆಯಿಲ್ಲ. ಜೀರ್ಣವಾದುದನ್ನು ಉದ್ಧರಿಸುವವನು ಆ ವಸ್ತುವಿಗೂ, ಅದನ್ನು ಬಳಸಿದವರಿಗೂ, ಮುಂದೆ ಅದನ್ನು ನೋಡತಕ್ಕವರಿಗೂ ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆಯು ಅಲ್ಲಿ ತಾನೇ ತಾನಾಗಿ ಎದುರು ನಿಲ್ಲುತ್ತದೆ.

ಸಂಗತಿ ಇಷ್ಟು. ವೇಣೂರಿನ ಪೇಟೆಗೆ ಅನತಿದೂರದಲ್ಲಿ ಅಡಿಕೆಯ ತೋಟವುಳ್ಳ ಒಂದು ಮನೆಯಿದೆ. ಆ ಮನೆಯ ಕೊಟ್ಟಿಗೆಯಲ್ಲಿ 1950ರ ಸುಮಾರಿನ ಶೆವ್ರೊಲೆ ಪಿಕಪ್ ಒಂದು ಬಹುಕಾಲದಿಂದ ನಿಂತಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆಯನ್ನು ತೆರೆದು, ಭಾಗಗಳನ್ನು ಹಡಗಿನಲ್ಲಿ ತರಿಸಿ ಇಲ್ಲಿ ಜೋಡಿಸಿ ಮಾರುತ್ತಿದ್ದುದೂ, 1954ರಲ್ಲಿ ಆ ಕೆಲಸವನ್ನು ನಿಲ್ಲಿಸಿದುದೂ ಹಳಬರಿಗೆ ತಿಳಿದ ವಿಷಯ. ಈ ವಾಹನವು ಆ ಕಾಲದ್ದು. ಈಗಿನ ಯಜಮಾನರ ಅಜ್ಜನವರು ಇದನ್ನು ಕೊಂಡರಂತೆ. ಸುಮಾರು ಮೂವತ್ತು ವರ್ಷ ಇದು ಘಟ್ಟದ ಬುಡದ ತೋಟಗಳಿಂದ ಮಂಗಳೂರಿಗೆ ಅಡಿಕೆಯ ಮೂಟೆಗಳನ್ನು ಹೊತ್ತಿತು. ಮರಳುವಾಗ ಹಂಚು, ಹಿಂಡಿ, ಉಪ್ಪು, ಒಣಮೀನುಗಳನ್ನು ತಂದಿತು. ತೋಟದ ಕೆಲಸವಿಲ್ಲದ ದಿನಗಳಲ್ಲಿ ಮುರಕಲ್ಲನ್ನು ಸಾಗಿಸಿತು. ಆಮೇಲೆ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಆಶ್ರಯವಾಗಿ ನಿಂತಿತು. ಈಗ ಯಜಮಾನರಿಗೆ ಮನೆಯ ಮಾಡನ್ನು ಬಿಚ್ಚಿ ಕಟ್ಟಿಸಬೇಕಾಗಿದೆ. ಹಳೆಯ ವಾಹನಗಳನ್ನು ಸಂಗ್ರಹಿಸುವ ಬೆಂಗಳೂರಿನ ಗೃಹಸ್ಥರೊಬ್ಬರು ಇದಕ್ಕೆ ಒಳ್ಳೆಯ ಬೆಲೆ ಕೊಡಲು ಸಿದ್ಧರಿದ್ದರು. ಒಂದು ಮಾತಿನ ಮೇಲೆ: ಎಲ್ಲವೂ ಮೂಲದ್ದಾಗಿರಬೇಕು.

ಯಂತ್ರವು ಹೇಗೋ ತಿರುಗಿತು. ಉಳಿದದ್ದು ಹಿಂಬದಿಯ ಮರದ ನೆಲ. ಅದರ ವಿಷಯದಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿದವು. ಯಜಮಾನರ ಸೋದರಳಿಯನು, ಹಳೆಯದನ್ನೆಲ್ಲ ಕಿತ್ತು ಸಾಗುವಾನಿಯ ಹೊಸ ಹಲಗೆಗಳನ್ನು ಕನ್ನಡಿಯಂತೆ ಹೊಳೆಯುವ ವಾರ್ನಿಷಿನೊಡನೆ ಜೋಡಿಸಬೇಕೆಂದನು. ಹಳೆಯ ಸಾಮಾನುಗಳ ದಲ್ಲಾಳಿಯೊಬ್ಬನು ಬಂದು, ಹೊಸ ಮರವನ್ನು ಕಂಡರೆ ಕೊಳ್ಳುವವರು ಬೆಲೆ ಇಳಿಸುವರೆಂದೂ, ಕೆಡವಿದ ಗುತ್ತಿನ ಮನೆಯೊಂದರ ಅಟ್ಟದ ನೂರು ವರ್ಷದ ಹಲಗೆಗಳು ತನ್ನಲ್ಲಿವೆಯೆಂದೂ, ಅವನ್ನು ಅಳತೆಗೆ ಕೊಯ್ದು ಕೂರಿಸಿದರೆ ಬ್ರಹ್ಮನಿಗೂ ಭೇದ ತಿಳಿಯದೆಂದೂ ಹೇಳಿದನು. ಮೂರನೆಯವನು ಆಚಾರಿ. ಅವನು ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಇಷ್ಟೇ ಅಂದನು: “ಕೊಳೆತದ್ದನ್ನು ತೆಗೆಯುವ ಮಾಸ್ಟ್ರೇ. ಕೊಳೆಯದ್ದನ್ನು ಯಾಕೆ ತೆಗೆಯುವುದು?” ಪಾಠಶಾಲೆಯಲ್ಲಿ ನಾಲ್ಕು ದಿನ ತರ್ಕವನ್ನು ಓದಿದವನೆಂಬ ಅಪಖ್ಯಾತಿ ನನಗಿರುವುದರಿಂದ ಈ ಪಂಚಾಯತಿಕೆಯು ನನ್ನ ಜಗಲಿಯನ್ನು ಹತ್ತಿತು.

ಇಲ್ಲಿ ಮರದ ನೆಲವೇಕೆ ಎಂಬುದನ್ನು ಮೊದಲು ತಿಳಿಯಬೇಕು. ಕಾರುಗಳು ಬಂದ ಆರಂಭದಲ್ಲಿ ಅಮೆರಿಕದ ರೈತರು ಕಾರಿನ ಹಿಂಭಾಗವನ್ನು ಕಳಚಿ ತಾವೇ ಮರದ ಪೆಟ್ಟಿಗೆಯನ್ನು ಕೂರಿಸಿಕೊಳ್ಳುತ್ತಿದ್ದರು. 1925ರಲ್ಲಿ ಫೋರ್ಡ್ ಸಂಸ್ಥೆಯು ಅಂಥ ಪೆಟ್ಟಿಗೆಯನ್ನು ತಾನೇ ಕೂರಿಸಿ ಪಿಕಪ್ ಎಂಬ ಹೆಸರಿನಿಂದ ಮಾರತೊಡಗಿತು. ಪಕ್ಕದ ಗೋಡೆಗಳು ತಗಡಿನವಾದ ಮೇಲೂ ಅನೇಕ ಮಾದರಿಗಳಲ್ಲಿ ನೆಲವು ಮರದ್ದೇ ಆಗಿ ಉಳಿಯಿತು. ಶೆವ್ರೊಲೆಯ ಕೆಲವು ಮಾದರಿಗಳಲ್ಲಿ ಅದು 1980ರ ದಶಕದವರೆಗೂ ಇತ್ತು. ಇದು ಬರಿಯ ಮಿತವ್ಯಯದ ಮಾತಲ್ಲ. ಭಾರವಾದುದನ್ನು ಮೇಲಿಂದ ಕೆಡಹಿದರೆ ತಗಡು ನೆಗ್ಗುತ್ತದೆ, ನೆಗ್ಗಿದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ತುಕ್ಕು ಹಿಡಿಯುತ್ತದೆ. ಮರವು ಏಟನ್ನು ತಿಂದು ಸುಮ್ಮನಾಗುತ್ತದೆ. ಹಲಗೆಗಳನ್ನು ಉದ್ದುದ್ದ ಹಾಸಿ, ಎರಡೆರಡು ಹಲಗೆಗಳ ನಡುವೆ ಉಕ್ಕಿನ ಪಟ್ಟಿಯನ್ನಿಟ್ಟು, ಅಡ್ಡಪಟ್ಟಿಗಳಿಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಮೂಟೆಯು ಪಟ್ಟಿಯ ಮೇಲೆ ಜಾರುತ್ತದೆ, ಭಾರವನ್ನು ಹಲಗೆಯು ತಾಳುತ್ತದೆ. ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಕಳಚಿ ಬೇರೊಂದನ್ನು ಹಾಕಬಹುದು. ಎಂದರೆ ಈ ನೆಲವನ್ನು ಕಲ್ಪಿಸಿದವನು, ಅದು ಸವೆಯುವುದೆಂದೂ ಬದಲಾಗುವುದೆಂದೂ ಮೊದಲೇ ಬಲ್ಲವನಾಗಿದ್ದನು.

ಸವೆತದ ಮೇಲೆ ನಮ್ಮ ಮಳೆಯೊಂದುಂಟಷ್ಟೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಜಿಲ್ಲೆಯಲ್ಲಿ ಮರವು ಮೊದಲು ಕೊಳೆಯುವುದು ಕಣ್ಣಿಗೆ ಕಾಣುವಲ್ಲಿ ಅಲ್ಲ. ಪಟ್ಟಿಯ ಅಡಿಯಲ್ಲಿ, ಬೋಲ್ಟಿನ ತೂತಿನೊಳಗೆ, ಹಲಗೆಯ ಕೊಯ್ದ ತುದಿಯಲ್ಲಿ ಕೊಳೆತವು ಹೊಕ್ಕು ಕುಳಿತಿರುತ್ತದೆ. ಕಬ್ಬಿಣವೂ ತೇವವೂ ಕೂಡಿದಲ್ಲಿ ಮರದ ಒಗರು ಕಪ್ಪಾಗುತ್ತದೆ. ಮಳೆಗಾಲದಲ್ಲಿ ಹಲಗೆಯು ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಡೆ ಬಿಡದೆ ಬಿಗಿದರೆ ಬೆನ್ನು ಬಾಗುತ್ತದೆ. ಈ ವಾಹನದೊಡನೆ ಬಂದ ಕಾರ್ಖಾನೆಯ ಹಲಗೆಗಳು ಪೈನ್ ಮರದವು. ಅವಕ್ಕೆ ಬಳಿದದ್ದು ಸಾಧಾರಣ ಬಣ್ಣ. ಅವು ನಮ್ಮ ಕೆಲವೇ ಮಳೆಗಾಲಗಳನ್ನು ಕಂಡು ಮುಗಿದುಹೋದವಂತೆ. ಅಜ್ಜನವರ ಕಾಲದಲ್ಲಿಯೇ ಊರಿನ ಆಚಾರಿಯೊಬ್ಬನು ಅವುಗಳ ಸ್ಥಾನದಲ್ಲಿ ಹೆಬ್ಬಲಸಿನ ಹಲಗೆಗಳನ್ನು ಹಾಕಿದನು. ಕರಾವಳಿಯಲ್ಲಿ ದೋಣಿಗಳಿಗೆ ಬಳಸುವ ಮರವದು. ನೀರಿಗೂ ಹುಳುವಿಗೂ ಬೇಗನೆ ಮಣಿಯದು. ಈಗ ಕೊಟ್ಟಿಗೆಯಲ್ಲಿರುವುದು ಆ ಹಲಗೆಗಳು.

ಹಾಗಾದರೆ ‘ಮೂಲ’ ಯಾವುದು? ಕೊಳ್ಳುವವರ ಮಾತನ್ನು ಅಕ್ಷರಶಃ ಹಿಡಿದರೆ ಅಮೆರಿಕದ ಪೈನ್ ಮರವನ್ನು ತರಿಸಿ ಬಣ್ಣ ಹಚ್ಚಬೇಕು. ಕೆಲವು ವರ್ಷ ಮಾತ್ರ ಇದ್ದು ಹೋದುದು ಮೂಲವೆನಿಸುವುದು, ದಶಕಗಳ ಕಾಲ ಭಾರ ಹೊತ್ತುದು ಪರಕೀಯವೆನಿಸುವುದು. ವಿನೋದವೇನೆಂದರೆ, ಅಮೆರಿಕದಲ್ಲಿಯೇ ಈಚೆಗೆ ಇಂಥ ವಾಹನಗಳನ್ನು ಸರಿಪಡಿಸುವವರಲ್ಲಿ ಬಹುಮಂದಿ ಓಕ್ ಮರವನ್ನು ಹಾಕಿ ಹೊಳೆಯುವ ಮೆರುಗೆಣ್ಣೆಯನ್ನು ಬಳಿಯುತ್ತಾರೆ. ಕಾರ್ಖಾನೆಯಿಂದ ಹೊರಟ ದಿನವೂ ಇಲ್ಲದ ಸೌಂದರ್ಯವನ್ನು ಅದಕ್ಕೆ ತೊಡಿಸಿ ಪೂರ್ವಸ್ಥಿತಿಗೆ ತಂದೆವೆನ್ನುತ್ತಾರೆ. ಪೂರ್ವಸ್ಥಿತಿಯೆಂಬುದು ಹೀಗೆ ಅವರವರ ಮನೋರಥವಾಗುವುದುಂಟು.

ಶಾಸ್ತ್ರವು ಇಲ್ಲಿ ಏನು ಹೇಳುತ್ತದೆ? ನೈಯಾಯಿಕರು ಅವಯವಗಳಿಗಿಂತ ಬೇರೆಯಾದ ಅವಯವಿಯೊಂದನ್ನು ಒಪ್ಪುವವರು. ನೂಲುಗಳಿಂದ ಬೇರೆ ಬಟ್ಟೆ, ಹಲಗೆಗಳಿಂದ ಬೇರೆ ಬಂಡಿ. ಆದರೆ ಅವರ ಲೆಕ್ಕವು ಬಹು ಕಠಿನ. ಬಟ್ಟೆಯಿಂದ ಒಂದು ನೂಲನ್ನು ಎಳೆದರೆ ಮೊದಲಿನ ಬಟ್ಟೆಯು ನಾಶವಾಯಿತು, ಈಗಿರುವುದು ಹೊಸದಾಗಿ ಹುಟ್ಟಿದ ಖಂಡಪಟ ಎನ್ನುವರು. ಬೌದ್ಧರು ಅವಯವಿಯೆಂಬುದನ್ನೇ ಒಪ್ಪರು. ನಾಗಸೇನನು ಮಿಲಿಂದರಾಜನ ರಥದ ಗಾಲಿ, ಅಚ್ಚು, ನೊಗಗಳನ್ನು ಒಂದೊಂದಾಗಿ ತೋರಿಸಿ ರಥವೆಲ್ಲಿ ಎಂದು ಕೇಳಿದ ಕಥೆಯು ಪ್ರಸಿದ್ಧವಾಗಿದೆ. ವೈಯಾಕರಣರದು ಲೋಕಕ್ಕೆ ಹತ್ತಿರದ ದಾರಿ. ಒಂದು ಅಂಶವು ಮಾರ್ಪಟ್ಟಿತೆಂದು ವಸ್ತುವು ಬೇರೆಯಾಗದು. ಬಾಲವನ್ನು ಕಳೆದುಕೊಂಡ ನಾಯಿಯು ನಾಯಿಯೇ ಸರಿ, ಕುದುರೆಯಾಗದು. ಯವನರಲ್ಲಿಯೂ ಈ ಚರ್ಚೆ ನಡೆದಿತ್ತು. ಥೀಸಿಯಸ್ ವೀರನ ನೌಕೆಯನ್ನು ಅಥೆನ್ಸಿನವರು ಕೊಳೆತ ಹಲಗೆಗಳನ್ನು ಬದಲಿಸುತ್ತ ಕಾಪಾಡಿದರೆಂದೂ, ಅದು ಅದೇ ನೌಕೆಯೋ ಅಲ್ಲವೋ ಎಂದು ಪಂಡಿತರು ವಾದಿಸಿದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಆಂಗ್ಲ ತತ್ತ್ವಜ್ಞನಾದ ಹಾಬ್ಸನು ಇದಕ್ಕೊಂದು ತೊಡಕನ್ನು ಸೇರಿಸಿದನು: ಕಿತ್ತ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಮತ್ತೊಂದು ನೌಕೆಯನ್ನು ಕಟ್ಟಿದರೆ ಎರಡರಲ್ಲಿ ಯಾವುದು ಅದು? ಇದು ಬರಿಯ ಕಲ್ಪನೆಯೆಂದು ನಾನು ತಿಳಿದಿದ್ದೆನು. ಸೋದರಳಿಯನು ಕಿತ್ತ ಹಲಗೆಗಳಿಂದ ಯಾವುದೋ ಪ್ರವಾಸಿಗೃಹಕ್ಕೆ ಮೇಜು ಮಾಡಿಸುವ ಏರ್ಪಾಡಿನಲ್ಲಿದ್ದನೆಂದು ತಿಳಿದಾಗ ಹಾಬ್ಸನು ವೇಣೂರಿಗೂ ಬಂದನೆಂದುಕೊಂಡೆನು.

ಈ ವಾದಗಳು ಬುದ್ಧಿಗೆ ಸಾಣೆಯಾಗಬಲ್ಲವು. ಆದರೆ ನಮ್ಮ ಪ್ರಶ್ನೆಯ ಗಂಟು ಇಲ್ಲಿಲ್ಲ. ಅದೇ ವಾಹನವೋ ಬೇರೆಯೋ ಎಂಬುದನ್ನು ಲೋಕವು ಹೆಸರಿನಿಂದಲೂ ಬಳಕೆಯಿಂದಲೂ ತೀರ್ಮಾನಿಸಿಕೊಳ್ಳುತ್ತದೆ. ಊರಿನವರು ಅದನ್ನು ಅಜ್ಜನವರ ಗಾಡಿಯೆಂದೇ ಕರೆಯುವರು, ಹಲಗೆ ಬದಲಾದರೂ ಕರೆಯುವರು. ರಥಗಳಲ್ಲಿ ಇದನ್ನು ಪ್ರತ್ಯಕ್ಷವಾಗಿ ನೋಡುತ್ತೇವೆ. ಉತ್ಸವಕ್ಕೆ ಮುನ್ನ ಗಾಲಿಯೋ ಅಡ್ಡೆಯೋ ಬಿರಿದಿದ್ದರೆ ಕಿರಾಲುಬೋಗಿಯ ಹೊಸ ಮರವನ್ನು ಹಾಕುವರು. ಯಾರೂ ಹೊಸ ಮರಕ್ಕೆ ಮಸಿ ಬಳಿದು ಹಳೆಯದೆನ್ನುವುದಿಲ್ಲ. ಯಾರೂ ರಥವು ಬೇರೆಯಾಯಿತೆಂದು ಎಳೆಯದೆ ಬಿಡುವುದಿಲ್ಲ. ಕುಕ್ಕೆ ಸುಬ್ರಹ್ಮಣ್ಯದ ಹಳೆಯ ಬ್ರಹ್ಮರಥವು ಶಿಥಿಲವಾದಾಗ ಕೋಟೇಶ್ವರದ ಶಿಲ್ಪಿಗಳು ಕೆತ್ತಿದ ಹೊಸ ಬ್ರಹ್ಮರಥವು 2019ರಲ್ಲಿ ಬಂದಿತು. ಹೊಸದನ್ನು ಹೊಸದೆಂದೇ ಎಲ್ಲರೂ ಕರೆದರು. ಪುರಿಯಲ್ಲಿಯಂತೂ ದಾರುಮೂರ್ತಿಗಳನ್ನೇ ನವಕಳೇಬರವೆಂಬ ಹೆಸರಿನಿಂದ ಬದಲಿಸುವರು. ಕಳೆದ ಸಲ ಅದು ನಡೆದುದು 2015ರಲ್ಲಿ. ಹೆಸರಿನಲ್ಲಿಯೇ ನವವೆಂಬ ಮಾತು ಇದೆಯಷ್ಟೆ. ಹಳೆಯ ಮೂರ್ತಿಗಳನ್ನು ದೇಹತ್ಯಾಗ ಮಾಡಿದವರಂತೆ ಮಣ್ಣಿಗೊಪ್ಪಿಸಿ ಸೂತಕವನ್ನೂ ಆಚರಿಸುವರು. ಹೊಸದಾಗುವುದರಲ್ಲಿ ಹಿಂದಿನವರಿಗೆ ಸಂಕೋಚವಿರಲಿಲ್ಲ.

ಆದುದರಿಂದ ಹೊಸ ಹಲಗೆಯಲ್ಲಿ ಪಾಪವಿಲ್ಲ. ದಲ್ಲಾಳಿಯ ಉಪಾಯದಲ್ಲಿ ಏಕೆ ಅಳುಕು ಹುಟ್ಟುತ್ತದೆ ಎಂಬುದೇ ನೋಡತಕ್ಕ ವಿಷಯ. ಮರವು ಹಳೆಯದೇ, ಮೋಸವೆಲ್ಲಿ ಎಂದು ಅವನು ಕೇಳಿದನು. ಉತ್ತರವು ಅನುಮಾನಪ್ರಮಾಣದಲ್ಲಿದೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುತ್ತೇವೆ. ಬೆಟ್ಟದ ಮೇಲೆ ಮಂಜು ಕವಿದುದನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯಿದೆಯೆಂದರೆ ಅದು ನೋಡುವವನ ತಪ್ಪು, ಮಂಜಿನದಲ್ಲ. ಆದರೆ ಒಬ್ಬನು ಬೆಂಕಿಯಿಲ್ಲದಲ್ಲಿ ಬೇಕೆಂದೇ ಹೊಗೆಯಂತೆ ತೋರುವುದನ್ನು ಎಬ್ಬಿಸಿ ಕುಳಿತರೆ? ಬಾಯಿ ಬಿಟ್ಟು ಒಂದು ಮಾತೂ ಹೇಳದೆ ಅವನು ಸುಳ್ಳು ಹೇಳಿದಂತಾಯಿತು. ಸವೆದ ಹಲಗೆಯೂ ಒಂದು ಹೇತು. ಅದನ್ನು ಕಂಡವನು, ಇದರ ಮೇಲೆ ಇಷ್ಟು ವರ್ಷ ಭಾರ ಹೇರಿದ್ದಾರೆ, ಇಲ್ಲಿ ನಿಂತು ದುಡಿದಿದ್ದಾರೆ ಎಂದು ಊಹಿಸುವನು. ಅಟ್ಟದ ಹಲಗೆಯ ಸವೆತವು ಬತ್ತದ ಮುಡಿಗಳದು, ಯಾವುದೋ ಮನೆಯ ಹೆಂಗಸರು ಸಾರಿಸಿ ಗುಡಿಸಿದ್ದರದು. ಅದನ್ನು ತಂದು ಲಾರಿಯ ಸವೆತವೆಂದು ತೋರಿಸುವುದೆಂದರೆ ಎರಡು ಚರಿತ್ರೆಗಳನ್ನು ಒಮ್ಮೆಗೇ ಕೊಂದಂತೆ. ಆ ಮನೆಯ ಚರಿತ್ರೆಗೆ ಬಾಯಿ ಕಟ್ಟಿತು. ಈ ವಾಹನಕ್ಕೆ ಇಲ್ಲದ ಬಾಯಿ ಬಂದಿತು. ಅದೇ ಹಲಗೆಯನ್ನು ಅಟ್ಟದ ಹಲಗೆಯೆಂದು ಹೇಳಿ ಬಳಸಿದ್ದರೆ ನನ್ನ ಆಕ್ಷೇಪವಿರುತ್ತಿರಲಿಲ್ಲ. ಒಳ್ಳೆಯ ಮರವು ಸುಟ್ಟುಹೋಗುವುದಕ್ಕಿಂತ ಅದು ಲೇಸು.

ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಜೀರ್ಣವಾಗತೊಡಗಿದಾಗ ಏನು ಮಾಡಿದರೆಂಬುದನ್ನು ಇಲ್ಲಿ ನೆನೆಯಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ಮೊದಲ ದಶಕಗಳವರೆಗೆ ಪಂಡಿತರು ಕುಳಿತು ಹಳಗನ್ನಡ ಲಿಪಿಯ ಓಲೆಗಳನ್ನು ಕಾಗದಕ್ಕೆ ನಕಲಿಳಿಸಿದರು; 1939ರಿಂದ ಅವು ಅಚ್ಚಾಗತೊಡಗಿದವು. ಕಾಗದವು ತಾನು ಓಲೆಯೆಂದು ನಟಿಸಲಿಲ್ಲ. ಓಲೆಗಳು ಮುಕ್ಕಾಗಿದ್ದರೂ ಉಳಿದವು, ನಕಲು ತನ್ನ ಕೆಲಸವನ್ನು ಮಾಡಿತು. 1964ರಲ್ಲಿ ವೆನಿಸಿನಲ್ಲಿ ಸೇರಿದ ಸ್ಮಾರಕತಜ್ಞರು ಮಾಡಿಕೊಂಡ ಸನ್ನದಿನಲ್ಲಿಯೂ ಇದೇ ನ್ಯಾಯವನ್ನು ಕಾಣುತ್ತೇವೆ. ಹೊಸದಾಗಿ ಸೇರಿಸಿದ ಭಾಗವು ಒಟ್ಟಿಗೆ ಹೊಂದಿಕೊಳ್ಳಬೇಕು, ಆದರೂ ಹಳೆಯದರಿಂದ ಬೇರೆಯೆಂದು ಗುರುತು ಸಿಗಬೇಕು. ಊಹೆಯು ಎಲ್ಲಿ ಆರಂಭವಾಗುವುದೋ ಅಲ್ಲಿ ಕೈ ನಿಲ್ಲಬೇಕು. ನಮ್ಮ ಆಚಾರಿಯು ಆ ಸನ್ನದನ್ನು ಓದಿದವನಲ್ಲ.

ನಮ್ಮ ದೇಶದ ಕಾನೂನೂ ಈ ವಿಷಯಕ್ಕೆ ಕೈಹಾಕಿದೆ. 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಐವತ್ತು ವರ್ಷ ಮೀರಿದ ಹಳೆಯ ವಾಹನಗಳಿಗೆ ಬೇರೆಯೇ ನೋಂದಣಿ ಏರ್ಪಟ್ಟಿತು. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ, ಹತ್ತು ವರ್ಷಗಳ ವಾಯಿದೆ, ಫಲಕದ ಮೇಲೆ ‘ವಿಎ’ ಎಂಬ ಅಕ್ಷರಗಳು. ವಾಹನವು ಮೂಲರೂಪದಲ್ಲಿರಬೇಕು, ಅದರ ಒಡಲಿನಲ್ಲಾಗಲಿ ಯಂತ್ರದಲ್ಲಾಗಲಿ ಗಣನೀಯ ಮಾರ್ಪಾಟು ಆಗಿರಬಾರದು. ಅದನ್ನು ಸ್ವಂತಕ್ಕೆ ಇಟ್ಟಿರಬೇಕು, ವ್ಯಾಪಾರಕ್ಕೆ ಬಳಸಬಾರದು. ಪ್ರದರ್ಶನ, ಸಂಶೋಧನೆ, ಹಳೆಯ ವಾಹನಗಳ ಮೆರವಣಿಗೆ, ಎಣ್ಣೆ ಹಾಕಿಸುವುದು, ದುರಸ್ತಿ ಇಂಥವಕ್ಕೆ ಹೊರತು ರಸ್ತೆಗಿಳಿಸಬಾರದು. ನಿಯಮವು ಸದುದ್ದೇಶದಿಂದ ಹುಟ್ಟಿದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ದೃಷ್ಟಿಯು ಕುಳಿತು ಸಂಚರಿಸಿದವರ ವಾಹನದ ಮೇಲಿದೆ. ಹೊರೆ ಹೊತ್ತ ವಾಹನಕ್ಕೆ ಆ ಪಂಕ್ತಿಯಲ್ಲಿ ಎಲೆ ಹಾಕಿದಂತೆ ಕಾಣುವುದಿಲ್ಲ. ನಮ್ಮಲ್ಲಿ ಹಳೆಯ ವಾಹನಗಳನ್ನು ನೋಡಬೇಕೆನ್ನುವವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಸೇರಿದ ಕಾರುಗಳ ಸಂಗ್ರಹಕ್ಕೆ ಹೋಗುವರು. ಹೋಗಬೇಕಾದ್ದೇ, ನೋಡಬೇಕಾದ್ದೇ. ಅಲ್ಲಿಯ ಕಾರುಗಳ ಮುಂದೆ ನಿಂತವರು ಇದರಲ್ಲಿ ಯಾರು ಕುಳಿತಿದ್ದರು ಎಂದು ಕೇಳುವುದನ್ನು ನಾನು ಗಮನಿಸಿದ್ದೇನೆ. ಪಿಕಪ್ಪಿನ ಹಿಂಬದಿಯನ್ನು ನೋಡಿ ಇಲ್ಲಿ ಯಾರು ನಿಂತಿದ್ದರು ಎಂದು ಕೇಳುವವರು ವಿರಳ.

ಇಲ್ಲಿ ನಿಂತಿದ್ದವರಲ್ಲಿ ಒಬ್ಬರು ಇನ್ನೂ ಇದ್ದಾರೆ. ವಯಸ್ಸು ಎಂಬತ್ತನ್ನು ದಾಟಿದೆ. ಹರೆಯದಲ್ಲಿ ಈ ವಾಹನಕ್ಕೆ ಹೊರೆ ಹೇರುವ ಕೆಲಸವನ್ನು ಅವರು ಮಾಡಿದ್ದರು. ಯಜಮಾನರು ಅವರನ್ನು ಕರೆಸಿದಾಗ ನಾನೂ ಅಲ್ಲಿದ್ದೆನು. ಅವರು ವಾಹನದ ಮುಂಭಾಗದ ಕಡೆಗೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಹಿಂದಕ್ಕೆ ಬಂದು, ನೆಲದ ಹಿಂಬದಿಯ ಅಂಚಿನಲ್ಲಿ ಕೈಯಾಡಿಸಿ, “ಇಲ್ಲಿ ನೋಡಿ ಮಾಸ್ಟ್ರೇ, ಈ ತುದಿ ಹೀಗೆ ತಗ್ಗಾದದ್ದು ನಮ್ಮ ಮುರಕಲ್ಲಿನಿಂದ. ಕಲ್ಲನ್ನು ಎತ್ತಿ ಇಲ್ಲಿಡುವುದು, ಮತ್ತೆ ಒಳಗೆ ದೂಡುವುದು. ಬಲಬದಿ ಹೆಚ್ಚು ಸವೆದದ್ದು ಯಾಕೆ ಹೇಳಿ? ನನ್ನ ಜೊತೆ ಇದ್ದವನು ಎಡಗೈಯವ” ಎಂದರು. ಜೊತೆಯಲ್ಲಿದ್ದವನು ತೀರಿಕೊಂಡು ಬಹಳ ವರ್ಷಗಳಾದವು. ಅವನ ಭಾವಚಿತ್ರವು ಎಲ್ಲಿಯೂ ಇಲ್ಲ. ಅವನ ಹೆಸರಿನಲ್ಲಿ ಭೂಮಿಯಿರಲಿಲ್ಲವಾದುದರಿಂದ ಯಾವ ಪಹಣಿಯಲ್ಲಿಯೂ ಅವನಿಲ್ಲ. ಅವನು ಈ ಲೋಕದಲ್ಲಿ ದುಡಿದನೆಂಬುದಕ್ಕೆ ನಾನು ಕಂಡ ಸಾಕ್ಷಿಯೆಂದರೆ ಒಂದು ಹೆಬ್ಬಲಸಿನ ಹಲಗೆಯ ಬಲಬದಿಯಲ್ಲಿ ಅರ್ಧ ಅಂಗುಲದ ತಗ್ಗು.

ನಾನು ಮಾತ್ರ ಅಂದಿನಿಂದ ಈ ಪ್ರಶ್ನೆಯನ್ನು ಮೊದಲಿನಂತೆ ನೋಡಲಾರದವನಾದೆನು. ನಮ್ಮೂರಿನ ಗೊಮ್ಮಟನ ಬಳಿಯ ಶಾಸನದಲ್ಲಿ 1604ರಲ್ಲಿ ಅವನನ್ನು ನಿಲ್ಲಿಸಿದ ತಿಮ್ಮರಾಜನ ಹೆಸರುಂಟು, ಉಪದೇಶವನ್ನಿತ್ತ ಚಾರುಕೀರ್ತಿ ಗುರುವಿನ ಹೆಸರುಂಟು. ಕಲ್ಯಾಣಿಯೆಂಬಲ್ಲಿ ಕಡೆದ ಮೂರ್ತಿಯನ್ನು ಫಲ್ಗುಣಿಯ ದಡದವರೆಗೆ ಎಳೆದು ತಂದರೆಂದು ಊರಿನ ಪ್ರತೀತಿ. ಎಳೆದವರ ಹೆಸರಿಲ್ಲ, ಅವರು ಉರುಳಿಸಿದ ದಿಮ್ಮಿಗಳೂ ಹಾಸಿದ ಹಲಗೆಗಳೂ ಎಂದೋ ಮಣ್ಣಾದವು. 2024ರ ಮಹಾಮಸ್ತಕಾಭಿಷೇಕದಲ್ಲಿ ಮೂರ್ತಿಯ ನೆತ್ತಿಯಿಂದ ಹಾಲು, ಅರಸಿನ, ಚಂದನಗಳು ಇಳಿಯುವುದನ್ನು ನೋಡುತ್ತಿದ್ದಾಗ ನನಗೆ ಆ ಹಲಗೆಗಳು ನೆನಪಾದವು. ಅಂದು ಅವುಗಳಲ್ಲೊಂದು ಉಳಿದಿದ್ದರೆ ನಾವು ಅದಕ್ಕೆ ವಾರ್ನಿಷು ಬಳಿಯುತ್ತಿದ್ದೆವೆ?

ಎದುರಾಳಿಯು ಹೇಳಬಹುದಾದುದನ್ನೂ ಕೇಳಬೇಕು. ಸವೆತವೆಲ್ಲ ಪವಿತ್ರವೆಂದರೆ ಯಾವ ಚಪ್ಪಲಿಯನ್ನೂ ಹೊಲಿಯಿಸುವಂತಿಲ್ಲ, ಯಾವ ಮಾಡಿನ ಪಕ್ಕಾಸನ್ನೂ ಬದಲಿಸುವಂತಿಲ್ಲ. ಬಡವನಿಗೆ ಜೀರ್ಣವಸ್ತುವಿನ ಮೇಲೆ ಮೋಹವಿಲ್ಲ. ಅವನಿಗೆ ಬೇಕಾದುದು ಕಾಲು ಮುರಿಯದ ನೆಲ. ಈ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ವಾಹನವು ಮತ್ತೆ ಅಡಿಕೆ ಹೊರುವುದಾದರೆ ಎಲ್ಲ ಹಲಗೆಗಳನ್ನೂ ಕಿತ್ತು ಹೊಸದನ್ನು ಹಾಕಲಿ. ಹೊರುವುದು ಹಲಗೆಯ ಧರ್ಮ. ಆ ಧರ್ಮವನ್ನು ನಡೆಸಲಾರದ ಹಲಗೆಗೆ ಬಿಡುಗಡೆ ಕೊಡುವುದರಲ್ಲಿ ಅನ್ಯಾಯವಿಲ್ಲ. ಆ ಎಂಬತ್ತರ ಹಿರಿಯರನ್ನೇ ಕೇಳಿದರೂ ಹಾಗೆಂದೇ ಹೇಳುವರು. ಆದರೆ ಈ ವಾಹನವು ಇನ್ನು ಹೊರುವುದಿಲ್ಲವಷ್ಟೆ. ಬೆಂಗಳೂರಿನ ಒಂದು ಛಾವಣಿಯ ಕೆಳಗೆ ನಿಂತು, ನೋಡುವವರಿಗೆ ತನ್ನ ಕಥೆಯನ್ನು ಹೇಳುವುದೊಂದೇ ಅದಕ್ಕೆ ಉಳಿದಿರುವ ಕೆಲಸ. ಕಥೆ ಹೇಳುವುದೇ ಕೆಲಸವಾದವನಿಗೆ ನಾಲಗೆಯನ್ನು ಬದಲಿಸಿದರೆ ಉಳಿಯುವುದೇನು?

ಇನ್ನು ಹಣದ ಮಾತು. ಯಜಮಾನರು ಸಜ್ಜನರು, ಆದರೆ ಮಾಡು ಸೋರುತ್ತಿದೆ, ತೋಟಕ್ಕೆ ರೋಗ ಬಿದ್ದಿದೆ. ಹಲಗೆಗಳು ಕಾರ್ಖಾನೆಯವಲ್ಲವೆಂದು ತಿಳಿಸಿದರೆ ಬೆಲೆ ಇಳಿಯುವುದು ನಿಶ್ಚಯ. “ಅವರು ಕೇಳಿದರೆ ಸುಳ್ಳು ಹೇಳುವುದಿಲ್ಲ ಮಾಸ್ಟ್ರೇ. ಕೇಳದಿದ್ದರೆ ನಾನಾಗಿ ಯಾಕೆ ಹೇಳಬೇಕು?” ಎಂದರು. ನಿಜವಾದ ಪ್ರಶ್ನೆಯಿದು, ತಕ್ಕಡಿ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಂಡಿರುವ ಪ್ರಶ್ನೆ. ನಮ್ಮ ಸ್ಮೃತಿಕಾರರಿಗೂ ಇದು ತಿಳಿಯದ್ದಲ್ಲ. ನಿರ್ದೋಷವಾದುದನ್ನು ತೋರಿಸಿ ಸದೋಷವಾದುದನ್ನು ಕೊಡುವವನು ಇಮ್ಮಡಿ ಬೆಲೆಯನ್ನು ತೆರಬೇಕೆಂದು ನಾರದಸ್ಮೃತಿಯು ವಿಧಿಸುತ್ತದೆ. ಆದರೆ ಹೆಬ್ಬಲಸಿನ ಹಲಗೆಯು ದೋಷವೇ ಎಂದು ಯಜಮಾನರು ತಿರುಗಿ ಕೇಳಬಹುದು. ಪೈನ್ ಮರಕ್ಕಿಂತ ಅದು ಹತ್ತು ಪಾಲು ಮೇಲು. ನನ್ನ ಎಣಿಕೆಯಲ್ಲಿ ಉತ್ತರವು ಕೊಳ್ಳುವವನ ಮಾತಿನಲ್ಲಿಯೇ ಇದೆ. ಅವನು ಮೊದಲ ದಿನವೇ ‘ಮೂಲದ್ದಾಗಿರಬೇಕು’ ಎಂದಿದ್ದಾನೆ. ಅಲ್ಲಿಗೆ ಅವನು ಕೇಳಿಯಾಯಿತು. ಕೇಳಿದವನ ಮುಂದೆ ಮೌನವಾಗಿರುವುದು ಅವನು ತಪ್ಪಾಗಿ ತಿಳಿದುಕೊಳ್ಳಲೆಂದು ಕಾದಿರುವುದೇ ಸರಿ. ಇದನ್ನು ಹೇಳುವುದು ನನಗೆ ಸುಲಭ. ನನ್ನ ಮಾಡು ಸೋರುತ್ತಿಲ್ಲ. ಆ ಅರಿವಿನಿಂದಲೇ ನಾನು ದನಿಯನ್ನು ತಗ್ಗಿಸಿ ಹೇಳಿದೆನು. ಯಜಮಾನರು ಎರಡು ದಿನ ಯೋಚಿಸಿ ಬೆಂಗಳೂರಿಗೆ ಕಾಗದ ಬರೆದರು: ಹಲಗೆಗಳು ಊರಿನವು, ಆಚಾರಿಯು ಹಾಕಿದವು, ಇಂತಿಂಥ ಹೊರೆಗಳನ್ನು ಹೊತ್ತವು ಎಂದು. ಉತ್ತರವು ಬಂದಿತು. ಬೆಲೆಯು ಇಳಿಯಿತು, ಅಂಜಿದಷ್ಟು ಇಳಿಯದಿದ್ದರೂ ಇಳಿಯಿತು. ಮಾಡಿನ ಒಂದು ಪಾರ್ಶ್ವದ ಕೆಲಸವು ಮುಂದಿನ ವರ್ಷಕ್ಕೆ ಹೋಗಿದೆ.

ಆಚಾರಿಯು ಕೆಲಸವನ್ನು ಒಂದು ತಿಂಗಳಿನಲ್ಲಿ ಮುಗಿಸಿದನು. ಪಟ್ಟಿಗಳನ್ನು ಬಿಚ್ಚಿ ನೋಡಿದಾಗ ಎರಡು ಹಲಗೆಗಳು ಅಡಿಯಲ್ಲಿ ಪೂರ್ತಿ ಪುಡಿಯಾಗಿದ್ದವು. ಅವಕ್ಕೆ ಬದಲಾಗಿ, ವರ್ಷಗಳಿಂದ ಒಣಗಲು ಇಟ್ಟಿದ್ದ ಹೆಬ್ಬಲಸನ್ನು ಕೀಸಿ ಹಾಕಿದನು. ಮತ್ತೊಂದರ ತುದಿಯನ್ನು ಮಾತ್ರ ಕೊಯ್ದು ಓರೆಯಾಗಿ ತುಂಡು ಸೇರಿಸಿದನು. ಉಳಿದವುಗಳನ್ನು ಕೀಸುಳಿಗೆ ಒಡ್ಡಲಿಲ್ಲ. ತೊಳೆದು, ನೆರಳಿನಲ್ಲಿ ಒಣಗಿಸಿ, ಅಡಿಗೂ ತುದಿಗಳಿಗೂ ಬೋಲ್ಟಿನ ತೂತುಗಳಿಗೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಊಡಿದನು. ಹಿಗ್ಗುವುದಕ್ಕೆಂದು ಒಂದೊಂದು ಹಲಗೆಗೂ ನೂಲೆಳೆಯಷ್ಟು ಎಡೆ ಬಿಟ್ಟನು. ಹೊಸ ಹಲಗೆಗಳ ಅಡಿಯಲ್ಲಿ, ಬಗ್ಗಿ ನೋಡಿದವರಿಗೆ ಮಾತ್ರ ಕಾಣುವಂತೆ, ಉಳಿಯಿಂದ ವರ್ಷವನ್ನು ಕೆತ್ತಿದನು. ಯಾರೂ ಹೇಳಿರಲಿಲ್ಲ. ಏಕೆಂದು ಕೇಳಿದರೆ, “ನಾಳೆ ಬಿಚ್ಚುವವನಿಗೆ ಗೊತ್ತಾಗಬೇಡವಾ?” ಎಂದನು. ಮೇಲಿನಿಂದ ನೋಡಿದರೆ ಹೊಸ ಹಲಗೆಗಳ ಬಣ್ಣವು ಇನ್ನೂ ಎಳೆಯ ಹಳದಿಯಾಗಿದೆ, ಹಳೆಯವು ಕಂದಿವೆ. ಸೋದರಳಿಯನಿಗೆ ಇದು ಸ್ವಲ್ಪವೂ ಸಮಾಧಾನವಾಗಿಲ್ಲ. ಸಂತೆಯ ಗೋಣಿಗೆ ತೇಪೆ ಹಾಕಿದಂತಿದೆ ಎನ್ನುತ್ತಾನೆ. ಪುಡಿಯಾದ ಹಲಗೆಗಳಿಂದ ಮೇಜು ಆಗಲಿಲ್ಲ; ಅವು ಬಚ್ಚಲ ಒಲೆಗೆ ಹೋದವು.

ಇನ್ನೊಂದು ವಿಷಯವು ಬಾಕಿಯಿದೆ. ಹಿಂಬದಿಯ ಬಾಗಿಲ ಹಲಗೆಯ ಮೇಲೆ ಅಜ್ಜನವರ ಕಾಲದಲ್ಲಿ ಬರೆಯಿಸಿದ ಅಕ್ಷರಗಳು ಮುಕ್ಕಾಲು ಪಾಲು ಅಳಿಸಿಹೋಗಿವೆ. ಊರಿನ ಹೆಸರಿನ ಮೊದಲ ಅಕ್ಷರವೂ ಕೊನೆಯ ಕೊಂಬೂ ಓದಲು ಸಿಗುತ್ತವೆ. ನಡುವೆ ಬಿಳಿಯ ಬಣ್ಣದ ಚೂರುಗಳು. ಬೆಳ್ತಂಗಡಿಯ ಬೋರ್ಡು ಬರೆಯುವವನು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಕೆಳಗಿನ ಸಾಲಿನಲ್ಲಿ ಏನಿತ್ತೆಂಬುದರಲ್ಲಿ ಮನೆಯವರಲ್ಲಿಯೇ ಒಮ್ಮತವಿಲ್ಲ: ದೇವರ ಹೆಸರೆಂದು ಯಜಮಾನರು, ಮಂಗಳೂರಿನ ಅಡಿಕೆ ಮಂಡಿಯೊಂದರ ಹೆಸರೆಂದು ಅವರ ಚಿಕ್ಕಮ್ಮ. ಹೊರೆ ಹೇರುತ್ತಿದ್ದ ಆ ಹಿರಿಯರನ್ನು ಕೇಳಿಸಿದೆವು. ತನಗೆ ಓದು ಬಾರದೆಂದೂ, ಅಕ್ಷರಗಳು ಕೆಂಪಂಚಿನವಾಗಿದ್ದವೆಂಬುದು ಮಾತ್ರ ನೆನಪಿದೆಯೆಂದೂ ಹೇಳಿ ಕಳುಹಿಸಿದ್ದಾರೆ. ಬರೆಯುವವನಿಗೆ ಸದ್ಯಕ್ಕೆ ಬರಬೇಡವೆಂದು ತಿಳಿಸಿದ್ದೇವೆ.